ಅಲಾಯ್ ವೀಲ್‌ಗೆ ಲಾಕ್ ನಟ್ ಹಾಕಿಸಿ

ರಸ್ತೆ ಬದಿ ಕಾರು ನಿಲ್ಲಿಸುವವರು ದಯವಿಟ್ಟು ಓದಿ. ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಕಾರು ಇಟ್ಟಿಗೆ ಮೇಲೆ ಕೂತಿತ್ತು, ನಾಲ್ಕು ವೀಲೂ ಮಾಯ. ನೋಡಿ ಹೊಟ್ಟೆ ಉರಿಯಿತು.

ವೀಲಿಗೊಂದು ಲಾಕ್ ನಟ್ ಸಾಕು. ಮಾಮೂಲಿ ಸ್ಪ್ಯಾನರ್ ಅದಕ್ಕೆ ಕೂರುವುದಿಲ್ಲ, ಜೊತೆಗೆ ಬರುವ ಕೀ ಬೇಕೇ ಬೇಕು. ಕೊಳ್ಳುವಾಗ ಥ್ರೆಡ್ ಅಳತೆ (ಬೋಲ್ಟ್ ದಪ್ಪ × ಎಳೆಗಳ ಅಂತರ, ಮಿ.ಮೀ.ನಲ್ಲಿ) ನೋಡಿ: ಸ್ವಿಫ್ಟ್‌ಗೆ 12×1.25, ಐ20ಗೆ 12×1.5. ನೋಡೋಕೆ ಎರಡೂ ಒಂದೇ ಥರ, ಆದರೆ ತಪ್ಪು ನಟ್ ಬಿಗಿದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಹಾಳು.

ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ (ಗಾಳಿಯಿಂದ ನಟ್ ತಿರುಗಿಸುವ ಯಂತ್ರ) ಹಾಕಲು ಬಿಡಬೇಡಿ, ಕೀಯ ಸಣ್ಣ ಹಲ್ಲು ಮುರಿಯಬಹುದು. ಕೈಯಲ್ಲೇ ಬಿಚ್ಚಿಸಿ. ಕೀ ಮನೆಯಲ್ಲಿಟ್ಟು ಹೊರಟರೆ ದಾರಿಯಲ್ಲಿ ಪರದಾಟ ಅಲ್ವಾ? ಜಾಕ್ ಜೊತೆ ಕಾರಲ್ಲೇ ಇರಲಿ. ಕೀ ಕೋಡ್ ಚೀಟಿ ಕೊಟ್ಟಿದ್ದರೆ, ಕೀ ಕಳೆದರೆ ಬೇರೆ ತರಿಸಲು ಬೇಕಾಗುತ್ತೆ, ಅದರ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ.