ಆ್ಯಪಿನಲ್ಲಿ 128, ಲ್ಯಾಬಿನಲ್ಲಿ 8.4

ಆರು ತಿಂಗಳು ದಿನಾ ಬೆಳಿಗ್ಗೆ ಎದ್ದವನೇ ಶುಗರ್ ನೋಡಲು ಬೆರಳು ಚುಚ್ಚಿಕೊಂಡೆ. ಗ್ಲುಕೋಮೀಟರು ಬ್ಲೂಟೂತ್‌ನಲ್ಲಿ ಅಂಕಿಯನ್ನು ಫೋನಿಗೆ ಕಳಿಸುತ್ತಿತ್ತು, ಆ್ಯಪು ಹಸಿರು ಗೆರೆ ಎಳೆಯುತ್ತಿತ್ತು. ಸರಾಸರಿ 128. ಶ್ರೀನಿವಾಸಪುರದ ಹತ್ತಿರದ ನಮ್ಮ ಮಾವಿನ ತೋಟಕ್ಕೆ ಬಂದವರಿಗೆಲ್ಲ ಫೋನು ತೋರಿಸಿ ಮೆರೆದದ್ದೇ ಮೆರೆದದ್ದು. ಆಮೇಲೆ ಕೋಲಾರಕ್ಕೆ ಹೋದಾಗ ಎಚ್‌ಬಿಎ1ಸಿ ಮಾಡಿಸಿದೆ. ಅದೇ, ‘ಮೂರು ತಿಂಗಳ ಶುಗರ್’ ಅಂತೀವಲ್ಲ, ಅದು. 8.4 ಬಂತು.

ಲ್ಯಾಬಿನವರದ್ದೇ ತಪ್ಪು ಅಂದುಕೊಂಡೆ. ಬೆಂಗಳೂರಿನಲ್ಲಿರುವ ಮಗಳು ಇಂಟರ್ನೆಟ್ಟಿನಲ್ಲಿ ಲೆಕ್ಕ ತೆಗೆದಳು. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ, ಅದರಲ್ಲಿ 46.7 ಕಳೆದರೆ ಸರಾಸರಿ ಶುಗರ್ ಸಿಗುತ್ತದೆ. 8.4ಕ್ಕೆ 194. ಮನೆಯ ಮೀಟರಿಗೂ ಲ್ಯಾಬಿಗೂ ನೂರಕ್ಕೆ ಹದಿನೈದರಷ್ಟು ಆಚೀಚೆ ಆಗಬಹುದು ಅನ್ನೋಣ. 66ರ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುವುದಿಲ್ಲ.

“ಅಪ್ಪಾ, ಮಧ್ಯಾಹ್ನ ಊಟ ಆದ್ಮೇಲೆ ಯಾವತ್ತಾದ್ರೂ ನೋಡ್ಕೊಂಡಿದ್ದೀಯಾ?” ಅಂದಳು. ಒಂದು ದಿನವೂ ಇಲ್ಲ. ಆ್ಯಪಿನಲ್ಲಿದ್ದದ್ದು ಬರೀ ಖಾಲಿ ಹೊಟ್ಟೆಯ ಸರಾಸರಿ.

ಅವಳು ಒಂದು ಗೂಗಲ್ ಶೀಟ್ ಮಾಡಿಕೊಟ್ಟಳು: ತಾರೀಕು, ಊಟಕ್ಕೆ ಮುಂಚೆ ಎಷ್ಟು, ಮೊದಲ ತುತ್ತಿನಿಂದ ಎರಡು ಗಂಟೆಗೆ ಎಷ್ಟು, ಏನು ತಿಂದೆ, ಆಮೇಲೆ ಏನು ಮಾಡಿದೆ. 180 ದಾಟಿದರೆ ಕೆಂಪು, 70ಕ್ಕಿಂತ ಇಳಿದರೆ ನೀಲಿ. ಪ್ರತಿ ಸಲ ಮೀಟರಿಗೆ ಹಾಕುವ ಸ್ಟ್ರಿಪ್ಪೇನು ಪುಕ್ಕಟೆ ಬರುತ್ತದೆಯೇ? ದಿನಕ್ಕೆ ಎರಡೇ ಅಂತ ಇಟ್ಟುಕೊಂಡೆ. ಒಂದು ದಿನ ತಿಂಡಿಯ ಹಿಂದೆ ಮುಂದೆ, ಮರುದಿನ ಮಧ್ಯಾಹ್ನದ ಊಟದ್ದು, ಮೂರನೇ ದಿನ ರಾತ್ರಿಯದ್ದು.

ಮೂರು ವಾರಕ್ಕೇ ಶೀಟು ಕೆಂಪಗಾಯಿತು. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂದು ಧೈರ್ಯವಾಗಿ ಎರಡೆರಡು ಮುದ್ದೆ ನುಂಗುತ್ತಿದ್ದೆ. ಎರಡು ಮುದ್ದೆಗೆ 226, 214, 231. ನುಣ್ಣಗೆ ಬೀಸಿದ ಹಿಟ್ಟೂ ಪಿಷ್ಟವೇ ತಾನೆ. ಒಂದೇ ಮುದ್ದೆ, ಅದೂ ಸಣ್ಣದು, ಜೊತೆಗೆ ಬಸ್ಸಾರಿನ ಸೊಪ್ಪು ಕಾಳು ಎರಡು ಸೌಟು ಜಾಸ್ತಿ ಹಾಕಿಕೊಂಡ ದಿನ 168. ಉಂಡು ಇಪ್ಪತ್ತು ನಿಮಿಷ ತೋಟದಲ್ಲಿ ಅಡ್ಡಾಡಿದ ದಿನ 149. ಇದು ನನ್ನ ಮೈಯ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಮನೆಯವಳಿಗೂ ಶುಗರ್ ಇದೆ. ಅವಳಿಗೆ ಮುದ್ದೆಗಿಂತ ಮೂರು ಇಡ್ಲಿಯೇ ಹೆಚ್ಚು ಏರಿಸುತ್ತದೆ.

ಆ್ಯಪನ್ನು ಪೂರ್ತಿ ಬಿಡಲಿಲ್ಲ, ಆದರೆ ಅದೂ ಒಮ್ಮೆ ಆಟ ಆಡಿಸಿತು. ಹೊಸ ಫೋನಿಗೆ ಹಾಕಿದಾಗ 7.8 ಎಂದು ತೋರಿಸಿತು. ಮೂರು ತಿಂಗಳ ಶುಗರನ್ನೂ ಇದೇ ಹೇಳುತ್ತಿದೆ ಎಂದು ಖುಷಿಪಟ್ಟೆ. ನೋಡಿದರೆ ಅಳತೆ ವಿದೇಶದ ಲೆಕ್ಕದ ಮಿಲಿಮೋಲ್‌ಗೆ ಹೋಗಿ ಕೂತಿತ್ತು. 18ರಿಂದ ಗುಣಿಸಿದರೆ ನಮ್ಮ 140. ಸೆಟ್ಟಿಂಗಿಗೆ ಹೋಗಿ ಬದಲಾಯಿಸಿಕೊಂಡೆ.

ಜೂನಿನಲ್ಲಿ ಆದದ್ದಂತೂ ಮಾವು ಬೆಳೆಯುವವರಿಗೆ ಹೇಳಲೇಬೇಕು. ಮಂಡಿಯವರಿಗೆ ಬಾದಾಮಿ ಹಣ್ಣು ಕೊಯ್ದು ತೋರಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಹಾಗೇ ಬೆರಳು ಚುಚ್ಚಿದೆ. 312! ಒಂದು ಹೋಳೂ ಬಾಯಿಗೆ ಹಾಕಿರಲಿಲ್ಲ. ಗಾಬರಿಯಲ್ಲಿ ಇನ್ನೊಂದು ಮಾತ್ರೆ ನುಂಗಲು ಹೊರಟಿದ್ದೆ, ಮನೆಯವಳು ತಡೆದಳು: “ಮೊದಲು ಕೈ ತೊಳ್ಕೊಂಡು ಬನ್ನಿ.” ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳಿನಲ್ಲಿ ನೋಡಿದರೆ 143. ಬೆರಳಿಗಂಟಿದ ಹಣ್ಣಿನ ರಸವನ್ನೇ ಮೀಟರು ಅಳೆದಿತ್ತು. ಆ 312ನ್ನು ಆ್ಯಪು ಆಗಲೇ ನುಂಗಿ ಆಗಿತ್ತು, ಹುಡುಕಿ ಅಳಿಸಬೇಕಾಯಿತು.

ಶೀಟಿನಲ್ಲಿ ನೀಲಿ ಬಂದದ್ದು ಎರಡೇ ಸಲ, 66 ಮತ್ತು 61. ಎರಡು ಸಲವೂ ಬೆಳಿಗ್ಗೆ ಹನ್ನೊಂದರ ಸುಮಾರು, ತೋಟಕ್ಕೆ ಔಷಧಿ ಹೊಡೆಸುವ ಗಲಾಟೆಯಲ್ಲಿ ಶುಗರ್ ಮಾತ್ರೆ ತಗೊಂಡು ತಿಂಡಿ ಬಿಟ್ಟ ದಿನ. ಕೈ ನಡುಗಿ, ಬೆವರು ಕಿತ್ತುಕೊಂಡು ಬಂದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಂಡೆ. ಈಗ ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣ ಇರುತ್ತದೆ.

ಡಾಕ್ಟರ ಹತ್ತಿರ ಹೋದಾಗ ಶೀಟು ತೆರೆದು ಕೊಟ್ಟೆ. ಹಿಂದೆ ಆ್ಯಪಿನ ಗ್ರಾಫು ತೋರಿಸಿದಾಗ “ಹೂಂ” ಅಂದಿದ್ದವರು, ಈ ಸಲ ಕನ್ನಡಕ ಏರಿಸಿಕೊಂಡು ಕೆಂಪು ಸಾಲುಗಳನ್ನು ಒಂದೊಂದಾಗಿ ಓದಿದರು. ನೀಲಿಯ ಎರಡು ಸಾಲು ನೋಡಿ ಬೆಳಗಿನ ಶುಗರ್ ಮಾತ್ರೆ ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು. ಅದನ್ನು ನಾನಾಗಿ ಇಳಿಸಿಕೊಳ್ಳುವ ಸಾಹಸ ಮಾಡುತ್ತಿರಲಿಲ್ಲ.

ಮುಂದಿನ ಸಲದ ಎಚ್‌ಬಿಎ1ಸಿ 7.3, ಅಂದರೆ ಸರಾಸರಿ 163. ಶೀಟಿನ ಸರಾಸರಿ 158 ಇತ್ತು. ಕಡೆಗೂ ಎರಡು ಲೆಕ್ಕ ಹತ್ತಿರ ಹತ್ತಿರ ಬಂದವು. ಈಗ ಮನೆಯವಳಿಗೂ ಒಂದು ಶೀಟು ಆಗಿದೆ. ‘ಏನು ತಿಂದೆ’ ಅನ್ನುವ ಕಡೆ ನನಗಿಂತ ಅವಳೇ ನಿಜ ಬರೆಯುತ್ತಾಳೆ.