ಅಗಳು ಅಗೆಸಿದವರ ಕಣ್ಣು

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಮೊದಲ ಮಹಾಯುದ್ಧದ ಕಾಲದ ವಿಮಾನ ಫೋಟೋಗಳಲ್ಲಿ ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಯುದ್ಧಕಂದಕಗಳನ್ನು ಹುಡುಕತೊಡಗಿದಾಗ, ಕಪ್ಪು ಗೆರೆ ಕಂಡಲ್ಲೆಲ್ಲ ಕಂದಕವೆಂದೇ ಗುರುತು ಹಾಕಿದ್ದೆ. 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ಜರ್ಮನ್ನರ ಮೇಲೆ ಬ್ರಿಟಿಷರು ನಡೆಸಿದ ದಾಳಿಯಲ್ಲಿ ಭಾರತೀಯ ಸೈನಿಕರೂ ಕಾದಿದ್ದರು. ವಿಮಾನದಿಂದ ತೆಗೆದ ಫೋಟೋಗಳನ್ನು ನೋಡಿಯೇ ಆ ದಾಳಿಗೆ ನಕ್ಷೆ ಸಿದ್ಧಪಡಿಸಿದ್ದರು. ಪಶ್ಚಿಮ ರಣರಂಗದಲ್ಲಿ ಮಡಿದು, ಗೋರಿಯ ಗುರುತೂ ಉಳಿಯದ 4,700ಕ್ಕೂ ಹೆಚ್ಚು ನಮ್ಮವರ ಹೆಸರುಗಳು ಆ ಊರಿನ ಸ್ಮಾರಕದಲ್ಲಿವೆ. ಅವರು ಎಂಥ ಮಣ್ಣಿನಲ್ಲಿ ನಿಂತಿದ್ದರೆಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ಒಂದು ದಿನ ಫೋಟೋವನ್ನು ದೊಡ್ಡಪ್ಪನ ಮುಂದಿಟ್ಟೆ. ಅಡಿಕೆ ತೋಟಕ್ಕೆ ಕಣಿ, ಅಗಳು ಅಗೆಸುತ್ತಲೇ ವಯಸ್ಸಾದವರು ಅವರು. ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ನೀರಿನ ಕಣಿ. ಗದ್ದೆಯ ಬದಿ ಹಿಡಿದು ನೇರ ತೋಡಿಗೆ ಸೇರಿದೆ. ಇದು ಹಾಗಲ್ಲ, ಸ್ವಲ್ಪ ಹೋಗಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ನೀರಿಗೆ ಹೀಗೆ ಯಾರು ಅಗೆಯುತ್ತಾರೆ? ಅಗೆದ ಮಣ್ಣು ಎಲ್ಲಿ ಬಿದ್ದಿದೆ, ಅದನ್ನು ನೋಡು" ಎಂದರು.

ಮುಂಚೂಣಿಯ ಕಂದಕ ಮೇಲಿನಿಂದ ಕೋಟೆಗೋಡೆಯ ತೆನೆಗಳಂತೆ ಕಾಣುತ್ತದೆ. ಎರಡು ತಿರುವುಗಳ ನಡುವಿನ ಒಂದು ಅಂಕಣದಲ್ಲಿ ಸಿಡಿದ ಫಿರಂಗಿ ಗುಂಡು ಪಕ್ಕದ ಅಂಕಣದವರನ್ನು ಕೊಲ್ಲಬಾರದು, ಒಳನುಗ್ಗಿದ ಶತ್ರು ಉದ್ದಕ್ಕೂ ಗುಂಡು ಹಾರಿಸಬಾರದು, ತಿರುವುಗಳಿರುವುದು ಅದಕ್ಕೆ. ಹಿಂದಿನಿಂದ ಬರುವ ಸಂಪರ್ಕ ಕಂದಕ ಹಾವಿನಂತೆ ಹರಿದಿರುತ್ತದೆ.

ಮಣ್ಣಿನ ರಾಶಿಯನ್ನು ತೋರಿಸಿಕೊಡುವುದು ನೆರಳು. ಇಲ್ಲಿ ನಾನು ಬಹಳ ದಿನ ಮೋಸಹೋದೆ. ಫ್ರಾನ್ಸಿನಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರ ದಿಕ್ಕನ್ನು ಮೇಲೆ ಮಾಡಿ ಫೋಟೋ ಇಟ್ಟರೆ, ಮೇಲಿನಿಂದ ಬರುವ ಬೆಳಕಿಗೆ ಒಗ್ಗಿದ ಕಣ್ಣಿಗೆ ದಿಬ್ಬ ಹಳ್ಳವಾಗುತ್ತದೆ, ಹಳ್ಳ ದಿಬ್ಬವಾಗುತ್ತದೆ. ನೆರಳು ನನ್ನ ಕಡೆಗೆ ಬೀಳುವಂತೆ ಹಾಳೆಯನ್ನು ತಿರುಗಿಸಿದೆ. ಹೊಂಡವೆಂದು ಬರೆದುಕೊಂಡಿದ್ದ ಗೆರೆಯೊಂದು ದಂಡೆಯಾಗಿ ಎದ್ದು ನಿಂತಿತು! ಅದು ಸರಿಯೇ. ಆ ಬಯಲಿನಲ್ಲಿ, ಮಳೆಗಾಲದ ನಮ್ಮ ಬೈಲುಗದ್ದೆಯಂತೆ, ಸ್ವಲ್ಪ ಅಗೆದರೂ ನೀರು. ಹಾಗಾಗಿ ಮಣ್ಣು ಮತ್ತು ಮರಳಿನ ಚೀಲ ಪೇರಿಸಿ ಎತ್ತರದ ದಂಡೆ ಕಟ್ಟಿ, ಅದರ ಮರೆಯಲ್ಲಿ ನಿಲ್ಲುತ್ತಿದ್ದರು.

ಗುರುತು ಹಾಕಿದ್ದನ್ನು ಈಗ ಆ ಕಾಲದ ಕಂದಕ ನಕ್ಷೆಗಳ ಜೊತೆ ಹೋಲಿಸುತ್ತೇನೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಅವು ನೋಡಲು ಸಿಗುತ್ತವೆ. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಬ್ರಿಟಿಷ್ ನಕ್ಷೆಗಳಲ್ಲಿ 1918ರ ಆರಂಭದವರೆಗೆ ಕೆಂಪು ಜರ್ಮನ್ನರದು, ನೀಲಿ ಬ್ರಿಟಿಷರದು, ಆಮೇಲೆ ಅದಲು ಬದಲು.