ಬಾಲ್ಕನಿಯ ಗೊಬ್ಬರದ ಡಬ್ಬಿಯ ದುರ್ವಾಸನೆ ನಿಂತ ಬಗೆ

ಬೆಂಗಳೂರಿನ ನಮ್ಮ ಮನೆಯಲ್ಲಿ ಒಣಕಸವನ್ನು ಬೇರ್ಪಡಿಸುವುದು ಸುಲಭವಾಗಿತ್ತು, ತೊಡಕಾದದ್ದು ಹಸಿಕಸ. ಮಳೆಗಾಲದಲ್ಲಿ ಬಾಲ್ಕನಿಯ ಗೊಬ್ಬರದ ಡಬ್ಬಿ ಕೊಳೆತ ಮೊಟ್ಟೆಯಂತೆ ನಾರತೊಡಗಿತು. ತರಕಾರಿ ಸಿಪ್ಪೆ, ಉಳಿದ ಅನ್ನಗಳಲ್ಲಿ ನೀರಿನಂಶ ಹೆಚ್ಚಿರುವುದರಿಂದ ಕಸ ಒತ್ತಾಗಿ ಕುಳಿತು, ಗಾಳಿಯಾಡದೆ, ಆಮ್ಲಜನಕವಿಲ್ಲದೆಯೇ ಬದುಕುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ವಾಸನೆ ಅವುಗಳ ಕೆಲಸ. ಕಸ ಚೆನ್ನಾಗಿ ಗೊಬ್ಬರವಾಗಲು ಅದರಲ್ಲಿ ಇಂಗಾಲ ಮತ್ತು ಸಾರಜನಕ ಸುಮಾರು 30:1ರ ಪ್ರಮಾಣದಲ್ಲಿರಬೇಕೆಂಬ ಲೆಕ್ಕವನ್ನು ಅಡುಗೆಮನೆಯಲ್ಲಿ ಯಾರೂ ಅಳೆಯಲಾರರು. ಆದ್ದರಿಂದ ಹಸಿಕಸದ ಪ್ರತಿ ಪದರವೂ ಪೂರ್ತಿ ಮುಚ್ಚುವಷ್ಟು, ಇಂಗಾಲ ಹೆಚ್ಚಿರುವ ತೆಂಗಿನನಾರಿನ ಪುಡಿಯನ್ನೋ ಒಣಗಿದ ತರಗೆಲೆಯನ್ನೋ ಹರಡಿ, ಆಗಾಗ ಕೋಲಿನಿಂದ ತಿರುವಿ, ತಳದ ರಂಧ್ರಗಳನ್ನು ಬಿಡಿಸಿದೆ. ಹಿಡಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕದೆ ಉಂಡೆಯಾಗಿ ನಿಂತರೆ ತೇವ ಸರಿಯಾಗಿದೆಯೆಂದು ತಿಳಿಯಬಹುದು. ದುರ್ವಾಸನೆ ನಿಲ್ಲಲು ಹುಳಿ ಮಜ್ಜಿಗೆ ಚಿಮುಕಿಸಿದ್ದೇ ಕಾರಣವೆಂದು ನಮ್ಮತ್ತೆಯವರ ವಾದ. ನನಗೆ ತರಗೆಲೆಯ ಮೇಲೆಯೇ ಹೆಚ್ಚು ನಂಬಿಕೆ. ವಾಸನೆ ಈಗ ಹಸಿ ಮಣ್ಣಿನದಾಗಿದ್ದು, ಗೊಬ್ಬರವೆಲ್ಲ ಕರಿಬೇವಿನ ಕುಂಡಕ್ಕೆ ಹೋಗುತ್ತಿದೆ.